ಕೆಂಪು ಬೆಳಕು, ಎಡಗಡೆಯ ಚಹಾ

ಹೆಣ್ಣು ನೋಡಲು ಬಂದ ಗಂಡು ಚಹಾ ಮುಟ್ಟದಿದ್ದರೆ ಏನರ್ಥ? ಮೋರಟಗಿಯಲ್ಲಿ ಕೂಸುಗಳಿಗೂ ಗೊತ್ತು, ಹುಡುಗಿ ಮನಸ್ಸಿಗೆ ಬರಲಿಲ್ಲ ಅಂತ. ಕಾವೇರಿ ಗಂಡಿನ ಎಡಗಡೆ ನಿಂತು ಚಹಾದ ಕಪ್ಪು ಹಿಡಿದೇ ಹಿಡಿದಳು. ನಿಡಗುಂದಿಯ ಸಿದ್ಧರಾಮ ಎದುರಿನ ಕ್ಯಾಲೆಂಡರ್ ನೋಡುತ್ತ ಕುಳಿತೇ ಇದ್ದ. ಎಲ್ಲರ ಮುಂದೆ ಅವಳ ಮುಖ ಸಣ್ಣದಾಯಿತು.

ಆದರೂ ಹಿರಿಯರು, ಹುಡುಗರು ಎರಡು ಮಾತಾಡಲಿ ಎಂದು ಹಿತ್ತಲಿಗೆ ಕಳಿಸಿದರು. ಕಾವೇರಿ ಬಿಟ್ಟಾಳೆಯೇ?

“ಒಲ್ಲೆ ಅನ್ನಾಕ ಬಾಯಿ ಇರಲಿಲ್ಲೇನ್ರಿ? ಚಾದ ಮ್ಯಾಲ್ಯಾಕ ಸಿಟ್ಟು?”

“ಯಾವ ಚಾ ರೀ?” ಅವನ ಮುಖ ಬಿಳಿಚಿತು. “ಎಡಕ್ಕ ಹಿಡಿದಿದ್ರೇನು?”

ತಲೆ ತಗ್ಗಿಸಿ ಎಲ್ಲ ಹೇಳಿದ. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ನರವನ್ನು ತಿನ್ನುತ್ತಿತ್ತು. ಅವನ ಕಸುಬು ಮೋಟರ್ ವೈಂಡಿಂಗ್. ಸುರುಳಿ ಸುತ್ತುವಾಗ ಎದುರಿನ ಸಣ್ಣ ತಂತಿಯೂ ಕಾಣುತ್ತದೆ, ಮಗ್ಗುಲಲ್ಲಿ ನಿಂತ ಮನುಷ್ಯ ಕಾಣುವುದಿಲ್ಲ.

“ಮನ್ಯಾಗ ಹೇಳಬ್ಯಾಡ ಅಂದಿದ್ರು. ನಿಮಗ ಹ್ಯಾಂಗ ಮೋಸ ಮಾಡ್ಲಿ? ಬಿಜಾಪುರದಾಗ ಡಾಕ್ಟರ್ ಕೆಂಪು ಲೈಟಿನ ಮಷಿನ್ ಕೊಟ್ಟಾರ, ದಿನಾ ಮುಂಜಾನೆ ನೋಡಬೇಕು. ಡ್ರಾಪ್ಸೂ ತಪ್ಪಿಸಂಗಿಲ್ಲ. ಹೋದ ದೃಷ್ಟಿ ಬರಂಗಿಲ್ಲ. ಉಳಿದದ್ದು ಉಳಿತೈತೇನು ಅಂತ ಇನ್ನೂ ಪರೀಕ್ಷಾ ಮಾಡಾಕತ್ತಾರ. ಬ್ಯಾಸಗಿಗೆ ಗೊತ್ತಾಗ್ತೈತಿ. ಅಲ್ಲೀತನಕ ಹೂಂ ಅನಬ್ಯಾಡ್ರಿ.”

“ಊಂಹೂಂ ಅಂತೂ ಅನ್ನಂಗಿಲ್ಲ,” ಅಂದಳು ಕಾವೇರಿ.

ಮರುದಿನದಿಂದ ಅವನು ಬೆಳಕು ನೋಡುವ ಹೊತ್ತಿಗೆ ಸರಿಯಾಗಿ ಇವಳ ಫೋನು.

“ಏನ್ ಕಾಣ್ತೈತ್ರಿ?”

“ಕೆಂಪು. ಅವತ್ತಿನ ನಿಮ್ಮ ಸೀರಿ.”

“ಸುಳ್ಳ! ನಾ ಹಸರು ಉಟ್ಟಿದ್ದೆ.”

“ಗೊತ್ತೈತಿ. ನಿಮ್ಮ ಕಡಿಂದ ಬೈಸ್ಕೊಳ್ಳಾಕ ಹಂಗಂದೆ.”

ಅವಳು ನಕ್ಕಳು. ಫೋನಿಟ್ಟ ಮೇಲೆ ಕಂಡ ಕಂಡ ದೇವರಿಗೆಲ್ಲ ಕೈಮುಗಿದಳು.

ಬೇಸಿಗೆ ಬಂತು. ಕಾವೇರಿ ಸಿಂದಗಿಯಲ್ಲಿ ಬಸ್ ಹತ್ತಿ ಬಿಜಾಪುರದ ಆಸ್ಪತ್ರೆಗೆ ಹೋದಳು. ಡಾಕ್ಟರ್ ಮುಚ್ಚಿಡಲಿಲ್ಲ. ಬೆಳಕು ಇವನ ಕಣ್ಣನ್ನು ಕಾಯಲಿಲ್ಲ, ನೋಟ ಇನ್ನೂ ಕಿರಿದಾಗಿದೆ. ಒತ್ತಡ ಇಳಿಸಲು ಆಪರೇಷನ್ ಮಾಡೋಣ, ಆದರೆ ಉಳಿದದ್ದು ಎಷ್ಟು ದಿನ ಇದ್ದೀತೋ ಹೇಳಲಾಗದು ಅಂದರು.

ಹೊರಗಿನ ಬೆಂಚಿನ ಮೇಲೆ ಸಿದ್ಧರಾಮ ಅವಳಿಗೆ ಕೈಮುಗಿದ. “ಬ್ಯಾರೆ ಮನಿ ನೋಡ್ರಿ, ಕಾವೇರಿ.”

ಅವಳು ಎದ್ದು ಹೋದಳು. ಕ್ಯಾಂಟೀನಿನಿಂದ ಚಹಾ ತಂದು, ಬೇಕೆಂತಲೇ ಅವನ ಎಡಕ್ಕೆ ನಿಂತಳು. ಕಣ್ಣೀರು ನಿಲ್ಲುತ್ತಿರಲಿಲ್ಲ, ಅದು ಅವನಿಗೆ ಕಾಣಬಾರದಾಗಿತ್ತು. ಅವನು ಬಲಕ್ಕೆ ತಿರುಗಿ, ಅವಳು ಕುಳಿತಿದ್ದ ಖಾಲಿ ಬೆಂಚನ್ನು ತಡವಿದ.

“ಹೋದ್ರೇನು?”

ಅಯ್ಯೋ, ಆ ದನಿ! ಅವಳು ಸುತ್ತಿ ಬಂದು ಅವನೆದುರು ಕುಕ್ಕರಗಾಲಲ್ಲಿ ಕುಳಿತು ಕಪ್ಪು ಚಾಚಿದಳು.

“ಅಳಾಕತ್ತೀರಿ,” ಅಂದ.

“ಹೌದ್ರಿ. ಕಾಣೂತನಕ ನೋಡಿಬಿಡ್ರಿ. ಮದಿವ್ಯಾಗ ಹೆಣ್ಣು ಎಡಕ್ಕ ಕೂಡಬೇಕಂತಾರ. ನಾ ಒಲ್ಲೆ. ಎದುರಿಗೇ ಕೂಡಾಕಿ.”

“ಮದಿವಿ ಮಾಡ್ಸೋ ಅಯ್ಯನೋರು ಬೈತಾರ.”

“ಬೈಲಿ.”

ಅವನು ಎರಡೂ ಕೈಯಿಂದ ಕಪ್ಪು ತೆಗೆದುಕೊಂಡ. ಕುಡಿಯಲಿಲ್ಲ. ಅವಳ ಮುಖವನ್ನೇ ನೋಡುತ್ತ ಕುಳಿತ. ಚಹಾ ತಣ್ಣಗಾಯಿತು.