ನಕ್ಷತ್ರಕ್ಕ ಎಲುಬು ಇರ್ತಾವೇನ?

“ನಕ್ಷತ್ರಕ್ಕ ಎಲುಬು ಇರ್ತಾವೇನ?” ತೇಜಸ ಎದ್ದು ನಿಂತು ಕೇಳಿದ.

ಇಡೀ ಐದನೇ ತರಗತಿ ಘೊಳ್ಳೆಂದು ನಕ್ಕಿತು. ಚಾರ್ಟ್ ಹಿಡಿದು ನಿಂತಿದ್ದ ಶ್ರದ್ಧಾಳ ಮುಖ ಕೆಂಪಾಯಿತು.

ನಾಳೆ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಕೊಣ್ಣೂರಿನ ಅರ್ಧ ಊರೇ ನೋಡಲು ಬರುತ್ತದೆ. ಸಿಡಿದುಹೋದ ನಕ್ಷತ್ರವೊಂದರ ಚಿತ್ರ ಪೇಪರಿನಲ್ಲಿ ಬಂದಿತ್ತು. ಶ್ರದ್ಧಾ ಅದನ್ನು ಕತ್ತರಿಸಿ ಚಾರ್ಟಿಗೆ ಅಂಟಿಸಿದ್ದಳು. “ಹೋದ ವರ್ಷ ಆಕಾಶಕ್ಕ ಕಳಿಸಿದ ದುರ್ಬೀನು ಇದರ ಎಕ್ಸ್‌ರೇ ತಗದೈತಿ. ಗೋಕಾಕ ದವಾಖಾನ್ಯಾಗ ನಮ್ಮ ಆಯಿ ಕೈ ಮುರದಾಗ ತಗದಿದ್ರಲ್ಲ, ಹಂಗ” ಎಂದು ಹೇಳಿದ್ದೇ ತಡ, ತೇಜಸ ಎದ್ದು ನಿಂತಿದ್ದ.

ಗಂಟೆ ಹೊಡೆದ ಮೇಲೆ ಅವಳು ವಿದ್ಯಾ ಟೀಚರ್ ಹತ್ತಿರ ಹೋದಳು.

“ನಾ ನಾಳೆ ಹೇಳೂದಿಲ್ರಿ. ಎಲ್ಲಾರೂ ನಗತಾರ.” ಹೇಳುವಷ್ಟರಲ್ಲಿ ಅಳುವೇ ಬಂತು.

“ದವಾಖಾನಿ ಮಷಿನ್ ತಾನ ಕಿರಣ ಬಿಡತೈತಿ. ಈ ದುರ್ಬೀನು ಏನೂ ಬಿಡೂದಿಲ್ಲ, ಬಂದದ್ದನ್ನ ಹಿಡಕೊಳ್ಳತೈತಿ ಅಷ್ಟ” ಎಂದರು ಟೀಚರ್. “ನಕ್ಷತ್ರ ಸಿಡದಾಗ ಹಾರಿದ ಗ್ಯಾಸ್ ಐತೆಲ್ಲ, ಅದು ಸಿಕ್ಕಾಪಟ್ಟೆ ಕಾದಿರತೈತಿ. ಅದರಿಂದನ ಎಕ್ಸ್‌ರೇ ಬರತಾವು.”

“ಹಂಗಾರ ದುರ್ಬೀನು ನಮ್ಮ ಸಾಲಿ ಮಾಳಗಿ ಮ್ಯಾಲ ಇಟ್ಟರ ನಡಿಯೂದಿಲ್ಲೇನ್ರಿ?”

“ನಮ್ಮ ಗಾಳಿ ಆ ಕಿರಣಾನ ಕೆಳಗ ಬರಾಕ ಬಿಡೂದಿಲ್ಲ. ಅದಕ್ಕ ಅಷ್ಟು ಮ್ಯಾಲ ಕಳಿಸ್ಯಾರ.”

“ಮತ್ತ ಎಲುಬು?”

“ಪೇಪರ್ ಪೂರಾ ಓದೀ ಏನ?”

ಶ್ರದ್ಧಾ ಓದಿರಲಿಲ್ಲ. ಚಿತ್ರ ಕತ್ತರಿಸಿ ಉಳಿದದ್ದನ್ನು ಅಡುಗೆಮನೆಯ ಕಪಾಟಿನಲ್ಲಿ ಹಾಸಿಬಿಟ್ಟಿದ್ದಳು.

ಮನೆಗೆ ಬಂದವಳೇ ಡಬ್ಬಿಗಳನ್ನೆಲ್ಲ ಕೆಳಗಿಟ್ಟು ಆ ಪೇಪರು ಎಳೆದಳು. ಅವಳ ಆಯಿ, ಅಂದರೆ ಅಜ್ಜಿ ಪದ್ಮವ್ವ, ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಆಗಲೇ ಊಟ ಮುಗಿಸಿದ್ದಳು. ಜೈನರ ಪದ್ಧತಿಯಂತೆ ಹೊತ್ತು ಮುಳುಗಿದ ಮೇಲೆ ಅವಳು ಏನನ್ನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ.

“ಲಗೂನ ನೀರು ಕೊಡವ್ವಾ. ಹೊತ್ತು ಮುಳುಗೂದ್ರಾಗ ಈ ಕ್ಯಾಲ್ಸಿಯಂ ಗುಳಿಗಿ ನುಂಗಬೇಕು. ಎಲುಬು ಗಟ್ಟಿ ಆಗತಾವಂತ.”

ನೀರು ಕೊಡುತ್ತ ಶ್ರದ್ಧಾ ತೇಜಸನ ಮೇಲೆ ದೂರು ಹೇಳಿದಳು.

“ನಾಲಿಗಿಗೆ ಎಲುಬಿಲ್ಲ. ಅಂದ್ರ ಅಂದಾನ, ಬಿಡು” ಎಂದಳು ಪದ್ಮವ್ವ.

ಶ್ರದ್ಧಾ ಎಣ್ಣೆಯ ಕಲೆಯಾಗಿದ್ದ ಸಾಲುಗಳನ್ನು ಓದತೊಡಗಿದಳು. ಆ ಗ್ಯಾಸಿನಲ್ಲಿ ಗಂಧಕ, ಕಬ್ಬಿಣ, ಕ್ಯಾಲ್ಸಿಯಂ ಇವೆಯಂತೆ. ಭೂಮಿಯಲ್ಲಿರುವ ಕ್ಯಾಲ್ಸಿಯಂ ಕೂಡ ಎಂದೋ ಇಂಥ ನಕ್ಷತ್ರಗಳಲ್ಲೇ ತಯಾರಾದದ್ದಂತೆ. ಅವಳು ಗುಳಿಗೆಯ ಪಾಕೀಟು ನೋಡಿದಳು, ಮತ್ತೆ ಪೇಪರು ನೋಡಿದಳು.

“ಆಯಿ, ನಿನ್ನ ಎಲುಬಿನ್ಯಾಗ ನಕ್ಷತ್ರದ ಸಾಮಾನು ಐತಿ.”

“ಅದಕ್ಕ ಇಷ್ಟು ನೋಯಾಕತ್ತೈತಿ ನೋಡು” ಎಂದು ಪದ್ಮವ್ವ ಗುಳಿಗೆ ನುಂಗಿದಳು.

ಶ್ರದ್ಧಾಳಿಗೆ ನಗು ಬಂತು. ಇನ್ನು ಹೆದರುವ ಕಾರಣವೇ ಇರಲಿಲ್ಲ. ತೇಜಸನ ಬಾಯಿ ಮುಚ್ಚಿಸಲು ಇದೊಂದೇ ಮಾತು ಸಾಕಿತ್ತು.

ಮರುದಿನ ಚಾರ್ಟಿನ ಮುಂದೆ ಜನ ತುಂಬಿದ್ದರು. ಶ್ರದ್ಧಾ ತೇಜಸನನ್ನು ಹುಡುಕಿದಳು. ಅವನು ಎಲ್ಲರ ಹಿಂದೆ, ತುದಿಗಾಲಲ್ಲಿ ನಿಂತು ಚಿತ್ರವನ್ನೇ ನೋಡುತ್ತಿದ್ದ. ಅವಳು ನೋಡಿದ್ದೇ ತಲೆ ತಗ್ಗಿಸಿದ.

ಆಗ ಅವಳಿಗೆ ನೆನಪಾಯಿತು. ನಿನ್ನೆ ಎಲ್ಲರೂ ನಕ್ಕಿದ್ದರು, ಅವನೊಬ್ಬ ನಕ್ಕಿರಲಿಲ್ಲ. ಉತ್ತರ ಸಿಗುತ್ತದೆಂದು ಗಂಟೆ ಹೊಡೆಯುವವರೆಗೂ ನಿಂತೇ ಇದ್ದ.

“ತೇಜಸ, ಮುಂದ ಬಾ. ಅಲ್ಲಿಂದ ಕಾಣೂದಿಲ್ಲ” ಎಂದಳು ಶ್ರದ್ಧಾ.

ಅವನು ಬಂದು ಬಾಜೂ ನಿಲ್ಲುವವರೆಗೆ ಕಾದು, ಆಮೇಲೆ ಹೇಳಲು ಶುರು ಮಾಡಿದಳು.