ಬಿರುಕಿನ ಪಕ್ಕದ ಕೆಂಪು ಗೂಟ

ಗರಸಿನ ಕ್ವಾರಿಯ ಗೋಡೆ ಕುಸಿದು ಲಾರಿ ಚಾಲಕ ಸತ್ತ ಮರುದಿನ ಬೆಳಿಗ್ಗೆ ಅವನ ಹೆಂಡತಿ ಠಾಣೆಗೆ ಬಂದಳು. ಜೊತೆಗೆ ಅವಳ ಬಾವ, ಸತ್ತವನ ಅಣ್ಣ, ಅದೇ ಕ್ವಾರಿಯ ಮೇಸ್ತ್ರಿ. ದೂರು ಇಂಜಿನಿಯರ್ ಹೆಂಗಸಿನ ಮೇಲೆ. ಗೋಡೆ ಗಟ್ಟಿಯಿದೆ ಎಂದು ಕೆಲಸಕ್ಕೆ ಒಪ್ಪಿಗೆ ಕೊಟ್ಟವಳು ಅವಳೇ.

"ಮೊದಲು ಅವಳನ್ನ ಒಳಗೆ ಹಾಕಿ. ಆಮೇಲೆ ಹೆಣ ಎತ್ತೋದು," ಎಂದ ಮೇಸ್ತ್ರಿ.

"ಯಾರನ್ನ ಹಾಕಬೇಕು ಅಂತ ನಾನು ನೋಡ್ಕೋತೀನಿ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರ್. ಎಫ್‌ಐಆರ್ ದಾಖಲಾಯಿತು.

ಹತ್ತು ಗಂಟೆಗೆ ಕ್ವಾರಿ ತಲುಪಿದ ಪೊಲೀಸರನ್ನು ಕೆಲಸಗಾರರು ಯಾರೂ ಮಾತಾಡಿಸಲಿಲ್ಲ. ಒಬ್ಬ ಜೀಪಿನ ಚಕ್ರದ ಪಕ್ಕದಲ್ಲೇ ಉಗಿದ. ಇಂಜಿನಿಯರ್ ಮೇಲಿನ ದಂಡೆಯಲ್ಲಿ ಕಾಯುತ್ತಿದ್ದಳು.

"ಇಲ್ಲೊಂದು ಬಿರುಕಿತ್ತು. ಆಚೆಗೊಂದು ಈಚೆಗೊಂದು ಗೂಟ ಹೊಡೆಸಿ, ಕೆಂಪು ಬಣ್ಣ ಬಳಿಸಿದೆ. ಬಿರುಕು ಅಗಲ ಆದ್ರೆ ಗೂಟಗಳ ಅಂತರ ಹೆಚ್ಚಬೇಕು. ವಾರ ವಾರ ಅಳೆದೆ. ಹೆಚ್ಚಲೇ ಇಲ್ಲ."

"ಬಿರುಕು ಕಣ್ಣಿಗೆ ಕಾಣಲಿಲ್ವಾ?"

"ಅದರ ತುಂಬ ಮಣ್ಣಿತ್ತು. ಮಳೆಗೆ ಕೊಚ್ಚಿ ಬಂದು ಕೂತಿದೆ ಅಂದ್ರು ಮೇಸ್ತ್ರಿ."

ಅಂಚಿನ ಗೂಟ ಗೋಡೆಯೊಂದಿಗೇ ಹೋಗಿತ್ತು. ಒಳಗಿನದು ನಿಂತಿತ್ತು. ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿದ.

"ಸರ್, ಗೂಟ ಇಲ್ಲಿದೆ, ಬಣ್ಣ ಸೋರಿರೋ ಕಲ್ಲುಗಳು ಅಲ್ಲಿವೆ."

ಗೂಟದಿಂದ ಗೇಣು ದೂರ ಹಿಂದೆ, ಕೆಂಪು ಹನಿ ಬಿದ್ದ ಕಲ್ಲುಗಳ ನಡುವೆ ಕೆದಕಿದಾಗ ತೂತು ಸಿಕ್ಕಿತು. ಅದಕ್ಕೆ ಗರಸು ತುಂಬಿ ಮುಚ್ಚಲಾಗಿತ್ತು. ಬಿರುಕು ಬಾಯಿ ಬಿಟ್ಟಷ್ಟೂ ಯಾರೋ ಗೂಟವನ್ನು ಅದರತ್ತ ಸರಿಸಿದ್ದರು.

"ಅಳೆಯುವಾಗ ಟೇಪಿನ ಈ ತುದಿ ಯಾರು ಹಿಡೀತಿದ್ರು?" ಎಂದರು ಇನ್‌ಸ್ಪೆಕ್ಟರ್.

"ಮೇಸ್ತ್ರಿ."

ಮೇಸ್ತ್ರಿ ದಂಡೆ ಹತ್ತಿ ಬಂದ. ಹಿಂದೆಯೇ ತಮ್ಮನ ಹೆಂಡತಿ.

"ಹೌದು, ನಾನೇ ಹಿಡೀತಿದ್ದೆ. ಏನೀಗ? ಇವಳು ಹುಟ್ಟೋಕೆ ಮುಂಚೆ ಈ ಗುಡ್ಡನ ಕಣ್ಣಲ್ಲೇ ಅಳೆದೋನು ನಾನು."

"ಅಂಥ ಕಣ್ಣಿಗೆ ಕಾಲಬುಡದ ತೂತು ಕಾಣಲಿಲ್ಲ. ಆಯ್ತು, ಕಾಣಲಿಲ್ಲ ಅಂತ ಬರೆದು ಸಹಿ ಹಾಕಿ, ಮನೆಗೆ ಹೋಗಿ."

ಮೇಸ್ತ್ರಿ ಪೆನ್ನು ಮುಟ್ಟಲಿಲ್ಲ.

"ಕಾಣದೆ ಏನು? ಸರಿಸಿದ್ದೇ ನಾನು."

"ಕೆಳಗೆ ಅವರಿದ್ರಲ್ಲ, ಬಾವ," ಎಂದಳು ತಮ್ಮನ ಹೆಂಡತಿ.

"ಗೋಡೆ ನಿಲ್ಲುತ್ತೆ ಅಂತಲೇ ಅವನನ್ನ ಅಲ್ಲಿಗೆ ಕಳಿಸಿದ್ದು."

ಮೇಸ್ತ್ರಿಯನ್ನು ಅಲ್ಲೇ ಬಂಧಿಸಲಾಯಿತು. ಇದರಲ್ಲಿ ಲಂಚವಿರಲಿಲ್ಲ, ತಮ್ಮನ ಮೇಲೆ ದ್ವೇಷವೂ ಇರಲಿಲ್ಲ. 'ನಾನು ಗೂಟದ ಮಾತು ಕೇಳ್ತೀನಿ, ನಿಮ್ಮದಲ್ಲ' ಎಂದು, ಗೋಡೆ ಗಟ್ಟಿಯಿದೆ ಎಂದ ಮೇಸ್ತ್ರಿಗೆ ಇಂಜಿನಿಯರ್ ಒಮ್ಮೆ ಕೆಲಸಗಾರರೆದುರು ಅಂದಿದ್ದಳು. ಅಂದಿನಿಂದ ಗೂಟ ತಾನು ಹೇಳಿದ್ದನ್ನೇ ಹೇಳುವಂತೆ ಮೇಸ್ತ್ರಿ ನೋಡಿಕೊಂಡ.

ಜೀಪು ಹತ್ತುವಾಗ ಅವನು ಕೆಲಸಗಾರರತ್ತ ತಿರುಗಿದ.

"ಆ ಪಕ್ಕದ ಗೋಡೆಗೆ ಏನೂ ಆಗಲ್ಲ. ಇಳಿದು ಕೆಲಸ ಮಾಡ್ರೋ."

ಯಾರೂ ಇಳಿಯಲಿಲ್ಲ.