ನೀರು ಕುಡಿಯದ ಕಂಬ

ಕರಣೆಯಿಂದ ಒತ್ತಿದ್ದ ಗಾರೆ ಗೋಡೆ ಬಿಟ್ಟು ಧೊಪ್ಪನೆ ನೆಲಕ್ಕೆ ಬಿತ್ತು.

"ಬಿತ್ತಾ?" ಬಾಗಿಲ ಹೊರಗೆ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಕೇಳಿದಳು.

"ಬಿದ್ದಿಲ್ಲ ಅಜ್ಜಿ, ಇಳಿದು ಬಂತು," ಎಂದಳು ಚಿಟ್ಟಿ.

ಅಜ್ಜಿಯ ಮಂಚದ ಪಕ್ಕದ ಗೋಡೆಯಲ್ಲಿ ಎರಡು ಗೇಣಿನಷ್ಟು ಗಾರೆ ಕಿತ್ತುಹೋಗಿತ್ತು. ಒಳಗಿನ ಇಟ್ಟಿಗೆ, ಮೂಲೆಯ ಕಾಂಕ್ರೀಟ್ ಕಂಬ ಎರಡೂ ಕಾಣುತ್ತಿದ್ದವು. ರಾತ್ರಿಯೆಲ್ಲ ಮರಳು ಉದುರಿ ಅಜ್ಜಿಗೆ ಕೆಮ್ಮು. ಮಂಚ ಸರಿಸಲು ಬೇರೆ ಜಾಗವಿಲ್ಲ.

ಅಮ್ಮ ಗಾರೆ ಕೆಲಸದವಳೇ. ಆದರೆ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಳು. "ಊರವರ ಗೋಡೆಗೆಲ್ಲ ನಾನು ಪ್ಲಾಸ್ಟರ್ ಹಾಕಿದೆ, ಡಾಕ್ಟರ್ ನನಗೇ ಹಾಕಿದ್ರು," ಎಂದು ನಗುತ್ತಿದ್ದಳು. ಕೈ ವಾಸಿಯಾಗಲು ಇನ್ನೂ ಒಂದು ತಿಂಗಳು. ಅಲ್ಲಿಯವರೆಗೆ ಅಜ್ಜಿ ಕೆಮ್ಮುತ್ತಿರಬೇಕೇ? ಚಿಟ್ಟಿ ಅಮ್ಮನ ದೊಡ್ಡ ಗ್ಲೌಸ್ ಹಾಕಿಕೊಂಡು ತಾನೇ ಕೆಲಸಕ್ಕೆ ಇಳಿದಿದ್ದಳು.

"ಬಿದ್ದಿದ್ದನ್ನ ಮುಟ್ಟಿ ನೋಡು," ಎಂದಳು ಅಮ್ಮ.

"ಪುಡಿಪುಡಿ ಆಗಿದೆ! ಈಗ ತಾನೆ ಒದ್ದೆ ಇತ್ತಲ್ಲಮ್ಮ?"

"ಇಟ್ಟಿಗೆಗೆ ಬಾಯಾರಿತ್ತು ಕಣೆ. ಗಾರೆಯಲ್ಲಿದ್ದ ನೀರನ್ನೆಲ್ಲ ಹೀರಿಬಿಡ್ತು. ಮೊದಲು ಅದಕ್ಕೆ ಕುಡಿಸು, ಆಮೇಲೆ ಹಚ್ಚು."

ಚಿಟ್ಟಿ ಇಟ್ಟಿಗೆಗೆ ನೀರೆರಚಿದಳು. ಮೇಲಿನ ಹೊಳಪು ಆರುವವರೆಗೆ ಕಾದು, ಗಾರೆ ಒತ್ತಿದಳು. ಹಿಡಿಯಿತು!

ಇನ್ನು ಕಂಬ ತಾನೆ? ಅದಕ್ಕೂ ಚೊಂಬುಗಟ್ಟಲೆ ನೀರು ಸುರಿದು ಗಾರೆ ಮೆತ್ತಿದಳು. ಅದು ಬಚ್ಚಲಿನ ಸೋಪಿನಂತೆ ಸರ್ರನೆ ಜಾರಿತು. ಮತ್ತೆ ಮೆತ್ತಿದಳು. ಮತ್ತೆ ಜಾರಿತು.

"ಸಾಕು ಬಿಡು. ನಾಳೆ ನನ್ನ ಜೊತೆ ಕೆಲಸದವಳನ್ನ ಕರೀತೀನಿ," ಎಂದಳು ಅಮ್ಮ.

"ಬೇಡ. ಸ್ವಲ್ಪ ತಡಿಯಮ್ಮ."

ಚಿಟ್ಟಿ ಕಂಬವನ್ನು ಬಟ್ಟೆಯಿಂದ ಒರೆಸಿದಳು. ನೀರಿಗೆ ಬೆರಳು ಅದ್ದಿ, ಇನ್ನೂ ಗಾರೆ ಹಚ್ಚದ ಇಟ್ಟಿಗೆಯ ಅಂಚಿಗೆ ಒಂದು ಹನಿ ಇಟ್ಟಳು. ಮಾಯ. ಕಂಬಕ್ಕೆ ಇನ್ನೊಂದು ಹನಿ ಇಟ್ಟಳು. ಅದು ಕಿಟಕಿಯ ಗಾಜಿನ ಮೇಲೆ ಹರಿದಂತೆ ಕೆಳಗಿಳಿಯಿತು.

"ಇದಕ್ಕೆ ಬಾಯಾರಿಕೆನೇ ಇಲ್ಲ," ಎಂದಳು ನಿಧಾನವಾಗಿ. "ನುಣ್ಣಗೂ ಇದೆ. ಗಾರೆ ಯಾವುದನ್ನ ಹಿಡ್ಕೊಳ್ಳುತ್ತೆ ಪಾಪ? ಗೀಚಿ ಒರಟು ಮಾಡ್ಲಾ?"

ಅಮ್ಮ ಎಡಗೈಯಿಂದ ಉಳಿ, ಸುತ್ತಿಗೆ, ಕನ್ನಡಕ ಮುಂದೆ ತಳ್ಳಿದಳು. "ಮೆಲ್ಲಗೆ ಹೊಡಿ. ಪಕ್ಕದ್ದು ಇನ್ನೂ ಹಸಿ ಇದೆ."

ಟಕ್, ಟಕ್. ಕಂಬದ ಮೈತುಂಬ ಕಚ್ಚುಗಳು ಬಿದ್ದವು. ಅಮ್ಮ ಹೇಳಿದಂತೆ ಸಿಮೆಂಟನ್ನು ತೆಳ್ಳಗೆ ಕಲಸಿ ಬಳಿದು, ಅದು ಒಣಗುವ ಮೊದಲೇ ಗಾರೆ ಒತ್ತಿದಳು. ಕೈ ತೆಗೆದು ನೋಡಿದಳು. ಗಾರೆ ಅಲುಗಲಿಲ್ಲ.

"ಹೊಟ್ಟೆ ಉಬ್ಬಿದೆ ನಿನ್ನ ಗೋಡೆಗೆ," ಎಂದಳು ಅಮ್ಮ. ಮುಖದಲ್ಲಿ ಮಾತ್ರ ನಗು ತುಂಬಿತ್ತು.

ಮರುದಿನ ಬೆಳಿಗ್ಗೆ ಚಿಟ್ಟಿ ತಲೆ ಬಾಚಲು ಕೈ ಎತ್ತಿದಳು. ಭುಜ ಚುಳ್ಳೆಂದಿತು. ಕೈ ಕಿವಿಯ ಮಟ್ಟಕ್ಕೂ ಬರಲಿಲ್ಲ. ಎರಡು ಗೇಣು ಗಾರೆಗೇ ಇಷ್ಟು ನೋವು!

ಅಮ್ಮ ಒಂದೊಂದು ದಿನ ಇಡೀ ಕೋಣೆ ಮುಗಿಸಿ ಬರುತ್ತಿದ್ದಳು. ಮರುದಿನ ಅದೇ ಕೈಯಿಂದ ಚಿಟ್ಟಿಗೆ ಎರಡು ಜಡೆ ಹೆಣೆಯುತ್ತಿದ್ದಳು. ಒಂದು ಬಿಗಿಯಾದರೆ ಸಾಕು, ಚಿಟ್ಟಿ ಬಿಚ್ಚಿಸಿ ಮತ್ತೆ ಹೆಣೆಸಿಕೊಳ್ಳುತ್ತಿದ್ದಳು.

ಅಮ್ಮನ ಕೂದಲು ಸಿಕ್ಕುಗಟ್ಟಿತ್ತು. ಒಂದೇ ಕೈಯಲ್ಲಿ ಎಷ್ಟು ಬಾಚಿಯಾಳು?

ಚಿಟ್ಟಿ ಬಾಚಣಿಗೆಯನ್ನು ಎಡಗೈಗೆ ಬದಲಾಯಿಸಿಕೊಂಡಳು.

"ಅಮ್ಮಾ, ಕೆಳಗೆ ಕೂತ್ಕೋ. ಆ ಕಡೆ ತಿರುಗು."